ನನ್ನ ಐಸ್ ಕ್ರೀಮು, ಅತ್ತೆಯ ಮೊದಲ ಬೆಳೆ

ಕೋಪ ಬಂದರೆ ನನಗೆ ಬುದ್ಧಿ ಕೈಕೊಡುತ್ತದೆ. ಈಗ ಸ್ವಲ್ಪ ಪರವಾಗಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ, ಗೌರಿಬಿದನೂರಿನಿಂದ ಶಿಡ್ಲಘಟ್ಟದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಅದು ಮೂಗಿನ ತುದಿಯಲ್ಲೇ ಇರುತ್ತಿತ್ತು. ಶಿಡ್ಲಘಟ್ಟದ ಸ್ಕೂಲಿನಲ್ಲಿ ನನಗೆ ಟೀಚರ್ ಕೆಲಸ. ತವರಿನಿಂದ ನನ್ನ ಜೊತೆ ಬಂದ ಫ್ರಿಜ್ಜು ನಮ್ಮ ಬೀದಿಗೆಲ್ಲ ಒಂದೇ. ಅದನ್ನು ನನಗಿಂತ ಹೆಚ್ಚಾಗಿ ಬಳಸಿದವರು ನಮ್ಮತ್ತೆ, ಅದೂ ರೇಷ್ಮೆ ಹುಳದ ಮೊಟ್ಟೆ ಇಡುವುದಕ್ಕೆ.

ಮೊಟ್ಟೆ ತಂದಾಗಿದೆ, ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಇನ್ನೂ ಸಿದ್ಧವಾಗಿಲ್ಲ ಎಂದಾದರೆ ನಮ್ಮ ಕಡೆ ಎರಡು ಮೂರು ದಿನ ಮೊಟ್ಟೆಯನ್ನು ತಣ್ಣಗೆ ಇಟ್ಟು, ಹುಳ ಹೊರಬರುವುದನ್ನು ತಡೆಯುತ್ತಾರೆ. ತಣ್ಣಗಿರಬೇಕು, ಹೆಪ್ಪುಗಟ್ಟಿತೋ ಹುಳ ಸತ್ತಂತೆ. ಅದಕ್ಕೇ ಅತ್ತೆ ಫ್ರಿಜ್ಜಿನ ತಂಪು ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನು ಎರಡರ ಅಂಕೆಯಲ್ಲಿ ನಿಲ್ಲಿಸಿ, ಅಲ್ಲಿಗೊಂದು ಕುಂಕುಮದ ಬೊಟ್ಟು ಇಟ್ಟಿದ್ದರು. ಅವರಿಗೆ ಓದು ಬರಹ ಬಾರದು. ಹೆಸರು ಬರೆಯುವುದೊಂದನ್ನು ನಾನೇ ಕಲಿಸಿದ್ದೆ.

ಹೆಸರು ಬರೆಯಲು ಕಲಿತದ್ದಕ್ಕೂ ಕಾರಣವಿತ್ತು. ಮಾವ ತೀರಿಕೊಂಡ ಮೇಲೆ, ಹುಳ ಸಾಕುವ ಮನೆಯನ್ನು ತಮಗೆ ಬಿಡಿ ಎಂದು ಮಾವನ ತಮ್ಮ, ನಮ್ಮ ಚಿಕ್ಕಮಾವ, ಕೇಳುತ್ತಿದ್ದರು. ಆಸ್ತಿ ಭಾಗವಾಗಿರಲಿಲ್ಲ. ನನ್ನ ಗಂಡನಿಗೋ ಹುಳ ಕಂಡರೆ ಮೈ ಜುಮ್ಮೆನ್ನುತ್ತದೆ. ಚಿಕ್ಕಬಳ್ಳಾಪುರದ ಆಫೀಸಿಗೆ ಹೋಗಿ ಬಂದು ಪೇಪರ್ ಹಿಡಿದು ಕೂರುವವರು ಅವರು. "ಒಂದು ರೇಷ್ಮೆ ಬೆಳೆ ನಾನೊಬ್ಬಳೇ ತೆಗೆದು ತೋರಿಸ್ತೀನಿ. ಆಗ್ದೇ ಹೋದ್ರೆ ಬೀಗದ ಕೈ ನಿಂಗೇ ಕೊಟ್ಬಿಡ್ತೀನಪ್ಪ" ಎಂದು ಅತ್ತೆ ಮೈದುನನಿಗೆ ಮಾತು ಕೊಟ್ಟಿದ್ದರು. ಮೂವತ್ತು ವರ್ಷ ಸೊಪ್ಪು ಹೊತ್ತ ಹೆಂಗಸು ಮೊದಲ ಸಲ ಮೊಟ್ಟೆ ಮಾರುವ ಸರ್ಕಾರಿ ಕೇಂದ್ರದ ರಿಜಿಸ್ಟರಿನಲ್ಲಿ ತಮ್ಮ ಹೆಸರನ್ನು ತಾವೇ ಬರೆದು ಮೊಟ್ಟೆ ತಂದಿದ್ದರು.

ಅದೇ ವಾರ ಸ್ಟಾಫ್ ರೂಮಿನಲ್ಲಿ ಒಬ್ಬ ಟೀಚರ್, "ಏನ್ರೀ, ನಿಮ್ಮನೆ ಫ್ರಿಜ್ಜು ಹುಳಕ್ಕಂತೆ? ಮನುಷ್ಯರಿಗೆ ತಣ್ಣೀರಾದ್ರೂ ಸಿಗುತ್ತಾ?" ಎಂದರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. "ಭಾನುವಾರ ಬನ್ನಿ. ಮನೇಲೇ ಮಾಡಿದ ವೆನಿಲಾ ಐಸ್ ಕ್ರೀಮು, ಜೊತೆಗೆ ಫ್ರೆಂಚ್ ಬಿಸ್ಕತ್ತು ಕೊಡ್ತೀನಿ" ಎಂದುಬಿಟ್ಟೆ. ಆ ಬಿಸ್ಕತ್ತು ಮಾಡುವ ವಿಧಾನವನ್ನು ಹಳೆಯ ವಾರಪತ್ರಿಕೆಯೊಂದರಿಂದ ಕತ್ತರಿಸಿ ಇಟ್ಟುಕೊಂಡಿದ್ದೆ, ಅಷ್ಟೇ. ಒಂದು ಸಲವೂ ಮಾಡಿರಲಿಲ್ಲ.

ಶುಕ್ರವಾರ ಸಂಜೆ ಎಂಟು ಕೋಳಿಮೊಟ್ಟೆ ಒಡೆದೆ. ಹಳದಿ ಐಸ್ ಕ್ರೀಮಿಗೆ, ಬಿಳಿ ಬಿಸ್ಕತ್ತಿಗೆ. ಏನೂ ದಂಡವಾಗುವುದಿಲ್ಲ ಎಂಬುದು ನನಗೆ ಬಹಳ ಹಿಡಿಸಿತು. ಸಣ್ಣ ಉರಿಯಲ್ಲಿ ಹಾಲು, ಸಕ್ಕರೆ, ಹಳದಿ ಕೈಯಾಡಿಸುತ್ತಾ ನಿಂತಿದ್ದಾಗ ಅತ್ತೆ ಬಂದು, "ಕೊಡಮ್ಮ, ಕೈ ನೋಯುತ್ತೆ" ಎಂದು ಸೌಟು ತೆಗೆದುಕೊಂಡರು. ತಳ ಹಿಡಿಯದಂತೆ ತಿರುವುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ವೆನಿಲಾ ಎಸೆನ್ಸಿನ ಬಾಟಲಿ ಮೂಸಿ, "ಘಮ ಘಮ ಅಂತೈತೆ. ಆದ್ರೆ ಇದನ್ನ ಹುಳದ ಮನೆ ಕಡೆ ಮಾತ್ರ ತರಬೇಡ, ಹುಳಕ್ಕೆ ಆಗಲ್ಲ" ಎಂದರು.

ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ, ಕಲಸಿಕೊಂಡು ಹೋಗಿದ್ದ ಬೆಣ್ಣೆ, ಮೈದಾ, ಬಿಳಿ ಲೋಳೆಯ ಡಬ್ಬಿ ಹಿಡಿದು ಪೇಟೆಯ ಬೇಕರಿಗೆ ಹೋದೆ. ಹಬ್ಬ ಬಂದರೆ ಆ ಬೇಕರಿಯ ಸಾಹೇಬರು ಮನೆಮನೆಯ ಹಿಟ್ಟನ್ನು ತಮ್ಮ ಭಟ್ಟಿಯಲ್ಲಿ ಬೇಯಿಸಿ ಕೊಡುತ್ತಿದ್ದರು. ನನ್ನ ಹಿಟ್ಟು ನೋಡಿ, "ಇದು ದೋಸೆ ಹಿಟ್ಟಲ್ವೇನಮ್ಮ?" ಎಂದರು. ಮೊದಲ ತಟ್ಟೆ ಕಪ್ಪಾಯಿತು. ಎರಡನೆಯದಕ್ಕೆ ಅವರೇ ಭಟ್ಟಿಯ ಬಾಯಲ್ಲಿ ಬಗ್ಗಿ ಕಾದು, ಅಂಚು ಕೆಂಪಗಾಗುತ್ತಲೇ ಎಳೆದರು. ನಾಲಗೆಯಷ್ಟು ಉದ್ದ, ಹಪ್ಪಳದಷ್ಟು ತೆಳು. ಒಂದು ಮುರಿದು ಬಾಯಿಗೆ ಹಾಕಿಕೊಂಡು, "ಇಷ್ಟು ತೆಳ್ಳಗಿರೋದು ತಿಂದ್ರೆ ಆ ದೇಶದವರಿಗೆ ಹೊಟ್ಟೆ ಹೆಂಗೆ ತುಂಬುತ್ತೋ, ಪಾಪ" ಎಂದು ನಿಜವಾಗಿಯೂ ಮರುಗಿದರು.

ಎರಡರಲ್ಲಿ ನಿಂತ ಫ್ರಿಜ್ಜು ಐಸ್ ಕ್ರೀಮು ಕಟ್ಟುವುದಿಲ್ಲ. ಸಂಜೆ ಅತ್ತೆ ತೋಟದಲ್ಲಿದ್ದಾಗ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಮೊಟ್ಟೆಯ ಪೊಟ್ಟಣ ಐಸಿನ ಪೆಟ್ಟಿಗೆಯ ಕೆಳಗಿನ ಅಂಕಣದಲ್ಲೇ ಇತ್ತು, ನನಗೆ ಕಾಣದೆ ಇರಲಿಲ್ಲ. ಊಟದ ಹೊತ್ತಿಗೆ ಮತ್ತೆ ಎರಡಕ್ಕೆ ತಂದರಾಯಿತು ಎಂದುಕೊಂಡೆ. ಗಂಟೆಗೊಮ್ಮೆ ಪಾತ್ರೆ ತೆಗೆದು ಕಡಗೋಲಿನಲ್ಲಿ ಕಡೆದೆ. ಮೂರನೇ ಸಲಕ್ಕೆ ಅದು ಬೆಣ್ಣೆಯ ಹಾಗೆ ಬಂತು. ಆ ಖುಷಿಯಲ್ಲಿ ಗುಂಡಿಯನ್ನು ಮರೆತು ಮಲಗಿದೆ.

ಬೆಳಗ್ಗೆ ಬಾಗಿಲು ತೆಗೆದರೆ ಐಸ್ ಕ್ರೀಮು ಕಲ್ಲಿನಂತೆ ಕಟ್ಟಿತ್ತು. ಮೊಟ್ಟೆಯ ಪೊಟ್ಟಣವೂ ಕಲ್ಲಿನಂತೆ ಕಟ್ಟಿತ್ತು. ಗುಂಡಿಯನ್ನು ಬೊಟ್ಟಿಗೆ ತಿರುಗಿಸಿದೆ, ಪೊಟ್ಟಣದ ಮೇಲಿನ ಹಿಮ ಸೆರಗಿನಲ್ಲಿ ಒರೆಸಿದೆ, ಯಾರಿಗೂ ಹೇಳಲಿಲ್ಲ. ಹನ್ನೊಂದಕ್ಕೆ ಕೈವಾರದ ಬಸ್ಸಿನಲ್ಲಿ ಟೀಚರುಗಳು ಬಂದಿಳಿದರು. ಬಟ್ಟಲು ಬಳಿದು ತಿಂದರು. ಅತ್ತೆ ಬಿಸ್ಕತ್ತಿನಲ್ಲೇ ಐಸ್ ಕ್ರೀಮು ಮೊಗೆದು ತಿನ್ನುತ್ತಾ, "ನಮ್ಮ ಸೊಸೆ ಮಾಡಿದ್ದು, ಎಲ್ಲಾ ಅವಳೇ" ಎಂದು ಬಂದವರಿಗೆಲ್ಲ ಹೇಳಿದರು. ನಾನು ನನ್ನ ಬಟ್ಟಲನ್ನು ಪಕ್ಕದವರ ಮುಂದೆ ಸರಿಸಿದೆ.

ಬಸ್ಸು ಹೊರಟ ಮೇಲೆ ಅವರೆದುರು ಕೂತು ಹೇಳಿದೆ. ಅವರು ಪೊಟ್ಟಣ ತಂದು ಕೈಯಲ್ಲೇ ತೂಗಿದಂತೆ ಮಾಡಿ ಮಡಿಲಲ್ಲಿ ಇಟ್ಟುಕೊಂಡರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. "ಯಾರ ಹತ್ರಾನೂ ಇದನ್ನ ಆಡಬೇಡ" ಎಂದರು, ಅಷ್ಟೇ.

ಅವತ್ತೇ ಹೊರತೆಗೆದು ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಮೊಟ್ಟೆಯ ಹಾಳೆಗಳನ್ನು ಮಂಗಳವಾರ ಬೆಳಗ್ಗೆ ಬಿಚ್ಚಿ, ಮರಿ ಹೊರಬರಲೆಂದು ಬೆಳಕಿಗೆ ಹರಡಿದರು. ನೋಡಲು ಚಿಕ್ಕಮಾವನೂ ಬಂದು ನಿಂತರು. ಕಾಲು ಭಾಗದಲ್ಲಿ ಮಾತ್ರ ಕೂದಲೆಳೆಯಂಥ ಕಪ್ಪು ಮರಿಗಳು ಮಿಸುಕಿದವು. ಮಿಕ್ಕದ್ದೆಲ್ಲ ಹಾಗೇ ಇತ್ತು.

"ಏನತ್ತಿಗೆ ಇದು?"

"ನಾನೇ ಗುಂಡಿ ತಿರುಗಿಸ್ದೆ. ನಂಗೆ ಐಸ್ ಕ್ರೀಮು ತಿನ್ನೋ ಆಸೆ ಆಯ್ತು" ಎಂದರು ಅತ್ತೆ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಮುಂಗೈ ಹಿಡಿದು ಅದುಮಿದರು. ಇನ್ನೊಂದು ಕೈಯಲ್ಲಿ ಬೀಗದ ಕೈ ತೆಗೆದು ಮೈದುನನಿಗೆ ಕೊಟ್ಟರು. ನಾನು ನಿಂತು ನೋಡಿದೆ. ಈಗ ನೆನೆದರೂ ನಾಚಿಕೆಯಾಗುತ್ತದೆ.

ಮಧ್ಯಾಹ್ನ ಸ್ಕೂಲಿನಿಂದ ಅರ್ಧಕ್ಕೇ ಬಂದು, ಮನೆಗೆ ಹೋಗದೆ ನೇರ ಚಿಕ್ಕಮಾವನ ಜಗಲಿ ಹತ್ತಿದೆ. ಎಲ್ಲವನ್ನೂ ಹೇಳಿದೆ, ಸ್ಟಾಫ್ ರೂಮಿನ ಜಂಬವನ್ನೂ ಬಿಡದೆ. ಅವರು ಜಗಲಿಯಿಂದ ಎದ್ದು ನಿಂತರು. "ಅತ್ತಿಗೆ ಸುಳ್ಳು ಹೇಳ್ತಾವ್ರೆ ಅಂತ ಗೊತ್ತಾಯ್ತು ಕಣಮ್ಮ. ಯಾಕೆ ಅಂತ ಗೊತ್ತಾಗಿರ್ಲಿಲ್ಲ" ಎಂದರು. ಒಳಗೆ ಹೋಗಿ ಬೀಗದ ಕೈ ತಂದು ನನ್ನ ಕೈಗಿಟ್ಟರು. "ಅವರ ಕೈಯಿಂದ ಕೆಟ್ಟ ಬೆಳೆ ಅಲ್ಲ ಇದು. ಇನ್ನೊಂದು ಸಲ ಮೊಟ್ಟೆ ತರಲಿ."

ಗೆದ್ದು ಬಂದವಳಂತೆ ಬೀಗದ ಕೈಯನ್ನು ಅತ್ತೆಯ ಮುಂದಿಟ್ಟೆ. ಅವರು ಎದ್ದೇಬಿಟ್ಟರು.

"ಯಾರು ನಿನ್ನ ಹೋಗು ಅಂದಿದ್ದು? ಹುಳದ ಮನೆ ಹೋದ್ರೆ ಇನ್ನೊಂದು ಕಟ್ಟಬಹುದು ಕಣೇ. ಸೊಸೆ ಕಾಲ್ಗುಣದಿಂದ ಬೆಳೆ ಹೋಯ್ತು ಅಂತ ಊರೋರು ಒಂದು ಸಲ ಅಂದ್ರೆ, ನೀನು ಸಾಯೋ ತನಕ ಅಂತಾರೆ!"

"ಅಂದ್ಕೊಳ್ಳಲಿ ಬಿಡಿ ಅತ್ತೆ. ಮಾತು ತಾನೇ?" ಎಂದೆ.

"ಮಾತು ತಾನೇ ಅಂತೀಯ? ನಾನು ಸೊಸೆಯಾಗಿ ಬಂದ ವರ್ಷ ಸುಣ್ಣಕಟ್ಟು ರೋಗ ಬಂದು ಹುಳ ಎಲ್ಲ ಬೆಳ್ಳಗೆ ಬಿರುಸಾಗಿ ಸತ್ತವು. ನಾನು ಅವನ್ನ ಮುಟ್ಟೇ ಇರ್ಲಿಲ್ಲ. ಇವತ್ತಿಗೂ ನನ್ನನ್ನೇ ಅಂತಾರೆ" ಎಂದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, ನಾನು ಆವರೆಗೆ ಕಂಡಿರದ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.