ಕುದುರೆಗೆ ತಿನ್ನಿಸಿದ್ದು

ಇಂಗಿನ ವಾಸನೆ ಬಂದರೆ ಈಗಲೂ ನಾನು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ. ನಮ್ಮ ಮನೆಯ ಸಾರಿಗೆ ಇಂಗು ಬೀಳುವುದಿಲ್ಲ. ಯಾಕೆಂದು ಕೇಳಿದವರಿಗೆ ನನಗೆ ಒಗ್ಗುವುದಿಲ್ಲ ಎಂದು ಹೇಳಿ ಸುಮ್ಮನಾಗುತ್ತೇನೆ. ಇಂಗು, ಬೆಳ್ಳುಳ್ಳಿ, ಕೊಳೆತ ತತ್ತಿ, ಎಳ್ಳೆಣ್ಣೆ ಎಲ್ಲ ಕಲಸಿ, ಬಿದಿರಿನ ಗೊಟ್ಟಕ್ಕೆ ತುಂಬಿ, ಒಂದು ಬಡಪಾಯಿ ಕುದುರೆಯ ಗಂಟಲಿಗೆ ಇಳಿಸಿದ ಕೈಗಳಿವು ಎಂದು ಊಟಕ್ಕೆ ಕೂತವರ ಮುಂದೆ ಹೇಗೆ ಹೇಳಲಿ? ಥೂ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಸವಣೂರಿನಲ್ಲಿ ಅಪ್ಪ ಟಾಂಗಾ ಹೊಡೆಯುತ್ತಿದ್ದ. ನಾನು ಹತ್ತೊಂಬತ್ತರ ಹುಡುಗಿ, ಮೆಟ್ರಿಕ್ ಮುಗಿಸಿ ಮನೆಯಲ್ಲಿದ್ದೆ. ಅವ್ವ ತೀರಿಕೊಂಡಿದ್ದಳು. ಹಾಗಾಗಿ ಮನೆಯ ಒಲೆಯೂ ನನ್ನದೇ, ಕುದುರೆಯ ಹುರುಳಿಯ ಗಡಿಗೆಯೂ ನನ್ನದೇ. ಹಳೆಯ ಕುದುರೆ ಸತ್ತ ಮೇಲೆ ಅಪ್ಪ ಹತ್ತಿಮತ್ತೂರಿನ ಒಂದು ದೊಡ್ಡ ಮನೆಯಿಂದ ಕಂದು ಬಣ್ಣದ ಹೆಣ್ಣು ಕುದುರೆಯನ್ನು ತಂದ. ಹೊಲದ ದಾರಿ ಬಿಟ್ಟು ಬೇರೆ ಕಂಡಿರದ ಪ್ರಾಣಿ ಅದು. ಬಸ್ಸಿನ ಹಾರ್ನ್ ಕೇಳಿದರೆ ಸಾಕು, ಕಣ್ಣಿನ ಬಿಳಿ ಕಾಣುವಂತೆ ತಿರುಗಿಸಿ, ಮೈಯೆಲ್ಲ ಬೆವೆತು, ಟಾಂಗಾ ಸಮೇತ ಹಿಂದಕ್ಕೆ ಸರಿಯುತ್ತಿತ್ತು.

ನಮ್ಮ ಅನ್ನ ಇದ್ದದ್ದು ಶಾಲೆಯ ಹುಡುಗಿಯರಲ್ಲಿ. ದಿನಾಲೂ ಏಳು ಹುಡುಗಿಯರನ್ನು ಅಪ್ಪ ಶಾಲೆಗೆ ಬಿಟ್ಟು, ಸಂಜೆ ಮನೆಗೆ ಕರೆತರುತ್ತಿದ್ದ. ಒಂದು ಮುಂಜಾನೆ ಬಸ್‌ಸ್ಟ್ಯಾಂಡಿನ ಮುಂದೆ ಹಾರ್ನ್ ಹೊಡೆದದ್ದೇ ತಡ, ಕುದುರೆ ಏಳೂ ಹುಡುಗಿಯರನ್ನು ಹೊತ್ತುಕೊಂಡು ಓಡಿತು. ಗಟಾರದಲ್ಲಿ ಗಾಲಿ ಸಿಕ್ಕು ನಿಂತದ್ದೇ ಪುಣ್ಯ. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಮರುದಿನದಿಂದ ಒಬ್ಬ ಹುಡುಗಿಯೂ ಟಾಂಗಾ ಹತ್ತಲಿಲ್ಲ.

ಶಾಲೆಯ ಮುಖ್ಯೋಪಾಧ್ಯಾಯಿನಿ, ದೊಡ್ಡ ಅಕ್ಕೋರು, ತಾವೇ ನಮ್ಮ ಮನೆಗೆ ಬಂದರು. ಸಿಟ್ಟು ಮಾಡಲಿಲ್ಲ. "ಒಂದು ತಿಂಗಳು ತಗೋರಿ," ಎಂದರು ಅಪ್ಪನಿಗೆ. "ಆಮ್ಯಾಲ ಮದಲ ನಾನ ಹತ್ತಿ ಕುಂದ್ರತೇನಿ. ಬಸ್‌ಸ್ಟ್ಯಾಂಡ್ ಮುಂದ ಹಾದು ಬರೂಣು. ಕುದರಿ ಬೆದರಲಿಲ್ಲಂದ್ರ ಹುಡಿಗ್ಯಾರನ್ನ ಕಳಸ್ತೇನಿ."

ಅದೇ ವಾರ ಶಿಗ್ಗಾಂವಿ ರಸ್ತೆಯ ಇಟ್ಟಂಗಿ ಭಟ್ಟಿಯವನೂ ಬಂದು ಕುದುರೆಯ ಬೆನ್ನು ಸವರಿ ನೋಡಿ ಹೋದ. ಅಪ್ಪ ನನ್ನ ಮುಖ ನೋಡದೆ ಹೇಳಿದ: "ಬೆದರೋದು ಬಿಡಲಿಲ್ಲಂದ್ರ ಭಟ್ಟಿಗೆ ಕೊಡೋದ. ಮತ್ತೇನ್ ಮಾಡ್ಲಿ?" ಭಟ್ಟಿಯ ಕುದುರೆಗಳನ್ನು ನಾನು ಕಂಡಿದ್ದೆ. ಬೆನ್ನ ಮೇಲಿನ ಹುಣ್ಣಿಗೆ ನೊಣ ಮುತ್ತಿರುತ್ತಿದ್ದವು, ಅದರ ಮೇಲೆಯೇ ಇಟ್ಟಂಗಿ ಹೇರುತ್ತಿದ್ದರು. ನಮ್ಮ ಕುದುರೆ ಆಗಲೇ ನನ್ನ ಕೈ ನೆಕ್ಕುವಷ್ಟು ಹೊಂದಿಕೊಂಡಿತ್ತು. ಅದನ್ನು ಭಟ್ಟಿಗೆ ಹೋಗಲು ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಹಟ ಹಿಡಿದೆ.

ಆದರೆ ಟಾಂಗಾ ಸ್ಟ್ಯಾಂಡಿನಲ್ಲಿ ಪಂಡಿತರಿಗೇನು ಬರವೇ? ಬೀಡಿ ಸೇದುತ್ತ ಕೂತವನೂ ವೈದ್ಯ, ಗಾಲಿಗೆ ಎಣ್ಣೆ ಬಿಡುವವನೂ ವೈದ್ಯ. ಒಬ್ಬ ಹೇಳಿದ, ಕುದುರೆಗೆ ಕಸುವು ಸಾಲದು, ಅದಕ್ಕೇ ಅಂಜುತ್ತದೆ, ಹುರುಳಿ ದುಪ್ಪಟ್ಟು ಮಾಡು. ಅಪ್ಪ ಮಾಡಿದ. ಇನ್ನೊಬ್ಬ ಹೇಳಿದ, ಬೆಲ್ಲ ಹಾಕು. ಹಾಕಿದ. ಸ್ಟ್ಯಾಂಡಿನ ಪಕ್ಕದಲ್ಲೇ ಖಾರದ ಅಂಗಡಿ. ಸವಣೂರ ಖಾರವೆಂದರೆ ಸುತ್ತಿನ ಊರವರೆಲ್ಲ ಕಟ್ಟಿಸಿಕೊಂಡು ಹೋಗುವ ತಿನಿಸು. ಆ ಅಂಗಡಿಯವನು ಬಾಣಲೆಯ ತಳದಲ್ಲಿ ಉಳಿದ ಕರಿದ ಪುಡಿಯನ್ನು, ಮೆಣಸಿನಪುಡಿ ಉಪ್ಪು ಸುಟ್ಟೆಣ್ಣೆ ಸಮೇತ, ಡಬ್ಬಿಯಲ್ಲಿ ತುಂಬಿ ಕೊಡುತ್ತಿದ್ದ. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅಂತಾರಲ್ಲ, ಇಲ್ಲಿ ಅಪ್ಪ ಅದನ್ನು ಕುದುರೆಗೂ ಇರಲಿ ಎಂದು ಹುರುಳಿಗೆ ಕಲಸಿ ತಿನ್ನಿಸಿದ. ಅದು ರುಚಿಗೆ ತಿಂದಿತು. ತಿಂದ ಮೇಲೆ ಹೊಟ್ಟೆ ಉರಿದು ತನ್ನ ಪಕ್ಕೆಯನ್ನು ತಾನೇ ಕಚ್ಚಿಕೊಳ್ಳುತ್ತಿತ್ತು.

ಅದೂ ಸಾಲದೆಂದು ಗಿಡಮೂಲಿಕೆ ಮಾರುವ ಒಬ್ಬ ಮುದುಕನನ್ನು ಕರೆತಂದರು. ಅವನ ಉಗುರು ನೋಡಿದರೇ ನನಗೆ ಓಕರಿಕೆ. ಅವನೇ ಆ ಇಂಗಿನ ಮದ್ದು ಹೇಳಿದವನು. ತತ್ತಿ ಕೊಳೆತದ್ದೇ ಆಗಬೇಕಂತೆ. "ನಾತ ಬಡದಷ್ಟೂ ಅಂಜಿಕಿ ಹೊರಗ ಓಡತೈತಿ," ಎಂದ. ಅಪ್ಪ ಕುದುರೆಯ ತಲೆ ಎತ್ತಿ ಹಿಡಿದ, ನಾನು ಗೊಟ್ಟ ಹಾಕಿದೆ. ಅರ್ಧ ಅದರ ಹೊಟ್ಟೆಗೆ ಹೋಯಿತು, ಅರ್ಧ ನನ್ನ ಕುಪ್ಪಸದ ಮೇಲೆ ಬಂತು. ಅವತ್ತು ಸಂಜೆಯೊಳಗೆ ಕುದುರೆ ನೀರು ನೀರಾಗಿ ಹೇತು ಅದನ್ನು ಕಟ್ಟುವ ಗ್ವಾದಲಿಯ ಗೋಡೆಯನ್ನೆಲ್ಲ ಬಳಿದುಬಿಟ್ಟಿತು. ನಾನು ಬಕೀಟು ಹಿಡಿದು ತೊಳೆಯುತ್ತಿದ್ದರೆ ಅಂಗಳದಲ್ಲಿ ಆ ಮುದುಕ ಚಹಾ ಕುಡಿಯುತ್ತ, "ಮದ್ದು ಹತ್ತೈತಿ ನೋಡ್ರಿ, ಹೊಲಸೆಲ್ಲಾ ಹೊರಗ ಬರಾಕತ್ತೈತಿ" ಎಂದ. ಹೊಲಸು ಹೊರಗೆ ಬಂದು ಅಂಗಳದಲ್ಲೇ ಕೂತಿದೆ ಎಂದು ಬಾಯಿತನಕ ಬಂದಿತ್ತು, ನುಂಗಿಕೊಂಡೆ.

ಮರುದಿನ ಅಪ್ಪನಿಗೆ ಹೇಳದೆ ಕುದುರೆಯ ಹಗ್ಗ ಹಿಡಿದು ದನದ ದವಾಖಾನೆಗೆ ನಡೆದೆ. ಅಲ್ಲಿನ ಡಾಕ್ಟರು ಕುದುರೆಯ ಒಸಡು ನೋಡಿದರು, ಹೊಟ್ಟೆಗೆ ಕಿವಿಯಿಟ್ಟರು. "ಏನೇನು ಹಾಕ್ತೀರಿ?" ಎಂದು ಕೇಳಿದರು. ನಾನು ಒಂದೊಂದೇ ಹೇಳುತ್ತ ಹೋದೆ. ಖಾರದಂಗಡಿಯ ಪುಡಿಗೆ ಬರುವ ಹೊತ್ತಿಗೆ ಅವರು ಹಣೆ ಹಣೆ ಬಡಿದುಕೊಂಡರು.

"ಕೆಲಸ ಏನು ಮಾಡತೈತಿ?"

"ಏನಿಲ್ರಿ, ನಿಂತೈತಿ."

"ನೀವೂ ಎರಡು ಹೊತ್ತು ಹೋಳಿಗಿ ಉಂಡು, ಕೆಲಸಿಲ್ಲದ ಕುಂತು ನೋಡ್ರಿ. ಗ್ವಾಡಿಗೆ ಹಾಯಬೇಕು ಅನಸ್ತೈತಿಲ್ಲೋ? ಅದಕ್ಕ ಅಂಜಿಕಿ ಅರ್ಧ, ಹೊಟ್ಟಿ ಉರಿ ಅರ್ಧ. ಕುದರಿ ಹೊಟ್ಟಿ ಖಾಲಿ ಬಿಡಬ್ಯಾಡ್ರಿ. ಹುಲ್ಲು, ಹುಲ್ಲು, ಹುಲ್ಲು. ತಿಳೀತಿಲ್ಲೋ?"

ಅವರು ಹೇಳಿದ್ದು ಇಷ್ಟು. ದಿನವಿಡೀ ಹಸಿ ಕರಿಕೆ ಹುಲ್ಲು, ಅದು ಸಾಲದಿದ್ದರೆ ಜೋಳದ ಕಣಿಕೆ. ಹುರುಳಿ ಬರೀ ಅರ್ಧ ಸೇರು, ಚೆನ್ನಾಗಿ ಬೇಯಿಸಿ, ದುಡಿದ ದಿನ ಮಾತ್ರ. ಜೊತೆಗೆ ಗೋಧಿಯ ತೌಡು, ಒಂದು ಹಿಡಿ ಬೇಯಿಸಿದ ಅಗಸಿ ಬೀಜ, ನೆಕ್ಕಲು ಉಪ್ಪಿನ ಹರಳು. ದವಾಖಾನೆಯಿಂದ ಒಂದು ಬಿಳಿ ಪುಡಿಯ ಪೊಟ್ಟಣವನ್ನೂ ಕೊಟ್ಟರು, ದಿನಕ್ಕೊಂದು ಚಮಚ ತೌಡಿನಲ್ಲಿ ಕಲಸಲು. ದಿನಾಲೂ ಬಸ್‌ಸ್ಟ್ಯಾಂಡಿನವರೆಗೆ ನಡೆಸಿಕೊಂಡು ಹೋಗಿ ಅಲ್ಲೇ ಹುಲ್ಲು ಹಾಕಬೇಕು ಎಂದರು. ಮೂರು ವಾರ ಹಿಡಿಯುತ್ತದೆ, ಅವಸರ ಮಾಡಬೇಡಿ ಎಂದೂ ಹೇಳಿದರು.

ಅಕ್ಕೋರು ಕೊಟ್ಟ ತಿಂಗಳಲ್ಲಿ ಮೂರು ವಾರವೇ ಉಳಿದಿತ್ತು. ಬೆಳಿಗ್ಗೆ ಎದ್ದು ವೀಳ್ಯದ ಎಲೆತೋಟಗಳ ಬದುವಿಗೆ ಹೋಗಿ ಕರಿಕೆ ಕೊಯ್ದು ತರುತ್ತಿದ್ದೆ. ಬಳ್ಳಿಗೆ ನೀರು ಬಿಡುವುದರಿಂದ ಅಲ್ಲಿ ಬೇಸಿಗೆಯಲ್ಲೂ ಹುಲ್ಲು ಇರುತ್ತಿತ್ತು. ಅಪ್ಪ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಸ್ಟ್ಯಾಂಡಿನ ಪಂಡಿತರು ಮಾತ್ರ ನಾನು ಕುದುರೆ ಹಿಡಿದು ಹೋಗುವಾಗ ಹಲ್ಲು ಕಿರಿಯುತ್ತಿದ್ದರು. "ಹುಲ್ಲು ತಿಂದು ಯಾವ ಕುದರಿ ಶಾಣ್ಯಾ ಆಗೈತಿ? ಹಂಗಿದ್ರ ಊರಾಗಿನ ಎಮ್ಮಿ ಎಲ್ಲಾ ಮಾಸ್ತರ್ ಆಗತಿದ್ವು!" ಅವರ ಬಾಯಿಂದ ಬರುವ ತಂಬಾಕಿನ ಉಗುಳು ನನ್ನ ಕಾಲ ಹತ್ತಿರವೇ ಬೀಳುತ್ತಿತ್ತು.

ನಾನು ದಿನಾಲೂ ಲದ್ದಿ ನೋಡುತ್ತಿದ್ದೆ. ನಗಬೇಡಿ. ಕುದುರೆಯ ಹೊಟ್ಟೆಯ ಸುದ್ದಿ ಲದ್ದಿಯಲ್ಲಿರುತ್ತದೆ ಎಂದು ಡಾಕ್ಟರು ಹೇಳಿದ್ದರು. ಮೊದಲ ವಾರ ಹುಳಿ ನಾತದ ಕೆಸರು. ಎರಡನೆಯ ವಾರ ಉಂಡೆ ಕಟ್ಟಿತು. ಮೂರನೆಯ ವಾರ ಲದ್ದಿ ಗುಂಡಗೆ, ಹಸಿರಾಗಿ ಬಿತ್ತು, ಬರೀ ಹುಲ್ಲಿನ ವಾಸನೆ. ನಾನು ಅದನ್ನು ಕೈಯಲ್ಲಿ ಹಿಡಿದು ಅಪ್ಪನಿಗೆ ತೋರಿಸಿದೆ. ಅದೇ ಹೊತ್ತಿಗೆ ಹಿರೇಕೆರೂರಿನ ಕಡೆಯಿಂದ ನನ್ನನ್ನು ನೋಡಲು ಬಂದವರು ಬಾಗಿಲಲ್ಲಿ ನಿಂತಿದ್ದರು. ಅವರು ಅವಲಕ್ಕಿಗೂ ಕೂರದೆ ಬಾಗಿಲಿಂದಲೇ ತಿರುಗಿ ಹೋದರು. ಹೋಗಲಿ ಬಿಡಿ, ಪೀಡೆ ತೊಲಗಿತು ಎಂದುಕೊಂಡೆ. ಕುದುರೆ ಪಕ್ಕೆ ಕಚ್ಚುವುದು ಬಿಟ್ಟಿತ್ತು. ಬಸ್ಸಿನ ಹಾರ್ನಿಗೆ ಕಿವಿ ನಿಮಿರಿಸುತ್ತಿತ್ತು, ಆದರೆ ಹೆಜ್ಜೆ ತೆಗೆಯುತ್ತಿರಲಿಲ್ಲ.

ಅಕ್ಕೋರು ಟಾಂಗಾ ಹತ್ತಿ ನೋಡುವ ಪರೀಕ್ಷೆಯ ಮುಂಜಾನೆ ನಾನು ತೌಡು ಕಲಸಿಕೊಂಡು ಗ್ವಾದಲಿಗೆ ಹೋದಾಗ ಅಪ್ಪ ಆಗಲೇ ಅಲ್ಲಿದ್ದ. ಕುದುರೆ ಏನನ್ನೋ ಮೆಲ್ಲುತ್ತಿತ್ತು. ಅಪ್ಪ ಕೈ ಹಿಂದೆ ಸರಿಸಿದ. ಆದರೂ ಕಂಡಿತು. ಅಂಗೈ ಗೆರೆಗಳಲ್ಲೆಲ್ಲ ಹಸಿರು, ಬೆಲ್ಲದ ಅಂಟು. ಅಮಲೇರಿಸುವ ಭಂಗಿ ಸೊಪ್ಪಿನ ಉಂಡೆ. ಆ ಮೂಲಿಕೆಯ ಮುದುಕ ಅದನ್ನು ಮೊದಲಿನಿಂದಲೂ ಹೇಳುತ್ತಿದ್ದ, ಒಂದು ಉಂಡೆ ಕೊಟ್ಟರೆ ಹುಲಿಯೂ ಹಸುವಾಗುತ್ತದೆ ಎಂದು.

ನಾನು ಕೇಳಬಹುದಿತ್ತು. ಇವತ್ತು ಬೇಡ, ಅಕ್ಕೋರಿಗೆ ನಾಳೆ ಬರಲು ಹೇಳೋಣ ಎನ್ನಬಹುದಿತ್ತು. ಅನ್ನಲಿಲ್ಲ. ಮೂರು ವಾರ ಹುಲ್ಲು ಹುಲ್ಲು ಎಂದು ಊರ ಮುಂದೆ ಜಗಳಾಡಿದವಳು ನಾನು. ಅವತ್ತು ನನಗೂ ಒಳಗೊಳಗೇ ಹೆದರಿಕೆ ಇತ್ತು. ಇದೂ ಒಂದು ಇದ್ದರೆ ಇರಲಿ, ಭದ್ರವಾಗುತ್ತದೆ ಎಂದು ಅನಿಸಿತು. ತೌಡಿನ ಬುಟ್ಟಿ ಕೆಳಗಿಟ್ಟು, "ಹೊತ್ತಾತು ಅಪ್ಪಾ, ಅಕ್ಕೋರು ಬಂದಿರತಾರ," ಎಂದೆ.

ಅಕ್ಕೋರು ಹಿಂದಿನ ಸೀಟಿನಲ್ಲಿ ಕೂತರು, ನಾನು ಪಕ್ಕದಲ್ಲಿ. ಬಸ್‌ಸ್ಟ್ಯಾಂಡಿನ ಮುಂದೆ ಹಾನಗಲ್ಲಿನ ಬಸ್ಸು ಹಾರ್ನ್ ಹೊಡೆಯುತ್ತ ಮೈಮೇಲೆಯೇ ಬಂತು. ಕುದುರೆ ಕಿವಿಯನ್ನೂ ಅಲುಗಿಸಲಿಲ್ಲ. "ಅಯ್ಯ, ಎಷ್ಟ್ ಶಾಂತ ಆಗೇತ್ರಿ!" ಎಂದರು ಅಕ್ಕೋರು. ನನಗೆ ಖುಷಿಯಾಗಲಿಲ್ಲ. ಕಿವಿ ನಿಮಿರಬೇಕಿತ್ತು.

ತಿರುಗಿ ಬರುವಾಗ ಹಳೆಯ ಮಸೀದಿಯ ಹತ್ತಿರದ ಇಳಿಜಾರಿನಲ್ಲಿ ಕುದುರೆಯ ಮುಂಗಾಲು ಒಂದಕ್ಕೊಂದು ತೊಡರಿತು. ಚಪ್ಪಡಿಗಲ್ಲಿನ ಮೇಲೆ ಎರಡೂ ಮೊಣಕಾಲೂರಿ ಬಿತ್ತು. ಟಾಂಗಾಕ್ಕೆ ಕುದುರೆ ಹೂಡುವ ಮೂಕಿ ಮುರಿಯಿತು. ಅಕ್ಕೋರು ಜಾರಿ ರಸ್ತೆಗೆ ಬಿದ್ದರು, ಕನ್ನಡಕ ಒಡೆಯಿತು, ಮೊಣಕೈ ತರಚಿತು. ಕುದುರೆ ಏಳಲು ಕೂಡ ನೋಡಲಿಲ್ಲ. ಮೊಣಕಾಲಿನ ಚರ್ಮ ಕಿತ್ತು ಬೆಳ್ಳಗೆ ಎಲುಬು ಕಾಣುತ್ತಿತ್ತು, ಅದು ಅರೆಗಣ್ಣು ಬಿಟ್ಟು ಜೊಲ್ಲು ಸುರಿಸುತ್ತ ಕೂತಿತ್ತು.

"ಹುಡಿಗ್ಯಾರು ಕುಂತಿದ್ರ ಏನ್ರಿ ಗತಿ?" ಎಂದರು ಅಕ್ಕೋರು. ಅಷ್ಟೇ ಹೇಳಿ ನಡೆದು ಹೋದರು.

ಸ್ಟ್ಯಾಂಡಿನವರೆಲ್ಲ ಓಡಿ ಬಂದರು. ಬಂದು ಹೇಳಿದ್ದೇನು? "ಹುಲ್ಲು ತಿನ್ನಿಸಿ ತಿನ್ನಿಸಿ ಕುದರಿ ಕಾಲಾಗಿನ ಕಸುವ ತಗದಾಳ ಈ ಹುಡಿಗಿ!" ಆ ಮುದುಕನೂ ಅಲ್ಲಿದ್ದ, ಅವನೂ ತಲೆ ಅಲ್ಲಾಡಿಸಿದ. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಮುಷ್ಟಿ ಬಿಗಿದು ನಿಂತಿದ್ದ, ಬಾಯಿ ಬಿಡಲಿಲ್ಲ. ಹೇಸಿಗೆಯೆಂದರೆ ಏನೆಂದು ನನಗೆ ಅವತ್ತು ಗೊತ್ತಾಯಿತು. ಕೊಳೆತ ತತ್ತಿಯನ್ನು ನೀರು ಹಾಕಿ ತೊಳೆಯಬಹುದು.

ಮೊಣಕಾಲಿನ ಗಾಯ ಒಣಗುವ ತನಕ ನಾನೇ ಅರಿಶಿನ, ಬೇವಿನೆಣ್ಣೆ ಹಚ್ಚಿದೆ, ಕರಿಕೆ ಕೊಯ್ದು ಹಾಕಿದೆ. ಮೊಣಕಾಲು ಒಡೆದ ಕುದುರೆಯ ಟಾಂಗಾ ಯಾರೂ ಹತ್ತುವುದಿಲ್ಲ. ಭಟ್ಟಿಯವನು ಬಂದ. "ಬೆದರತೈತೇನು?" ಎಂದು ಕೇಳಿದ. ಅಪ್ಪ ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟ.

ಶಿಗ್ಗಾಂವಿ ರಸ್ತೆಗೆ ಬಸ್‌ಸ್ಟ್ಯಾಂಡಿನ ಮುಂದೆಯೇ ಹೋಗಬೇಕು. ಅಪ್ಪ, ನಾನು ಅಲ್ಲಿಯವರೆಗೆ ಕಳಿಸಲು ಹೋದೆವು. ಅದರ ಬಾಯಲ್ಲಿ ನಾನು ಕೊಟ್ಟ ಕರಿಕೆ ಇನ್ನೂ ಇತ್ತು. ಆಗ ಒಂದು ಬಸ್ಸು, ಜನ ಚದುರಲೆಂದು, ನಮ್ಮ ಪಕ್ಕದಲ್ಲೇ ಹಾರ್ನನ್ನು ಒತ್ತಿ ಹಿಡಿಯಿತು. ಅಪ್ಪನೂ ನಾನೂ ಬೆಚ್ಚಿದೆವು. ಕುದುರೆ ಕಿವಿ ನಿಮಿರಿಸಿತು, ಬಸ್ಸಿನ ಕಡೆ ಒಮ್ಮೆ ನೋಡಿತು, ಮತ್ತೆ ಹುಲ್ಲು ಅಗಿಯತೊಡಗಿತು. ಭಟ್ಟಿಯವನು ಹಗ್ಗ ಎಳೆದ, ಅದು ಅವನ ಹಿಂದೆ ಹೋಯಿತು.

ಅಪ್ಪ ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿದ. ಆಮೇಲೆ, "ಹುಲ್ಲೊಂದ ಸಾಕಾಗಿತ್ತಲ್ಲವ್ವಾ," ಎಂದ.

"ಅವತ್ತ ನಿನ್ನ ಕೈ ನಾ ನೋಡಿದ್ದೆ ಅಪ್ಪಾ," ಎಂದೆ.

ಹಸಿರು ಎಂದೋ ತೊಳೆದುಹೋಗಿದ್ದ ಆ ಅಂಗೈಯನ್ನು ಅಪ್ಪ ಧೋತರಕ್ಕೆ ಒರೆಸಿಕೊಂಡ. ನಾನೂ ನನ್ನದನ್ನು ಸೆರಗಿಗೆ ಒರೆಸಿಕೊಂಡೆ.