ಹೊಲಿಗೆ ಅಕ್ಕೋರು

ಸಿದ್ದಾಪುರದ ಮಹಿಳಾ ಮಂಡಳದಲ್ಲಿ ಹೊಲಿಗೆ ಕಲಿಸುತ್ತಿದ್ದ ಅವರನ್ನು ನಾವೆಲ್ಲ ಅಕ್ಕೋರು ಎಂದೇ ಕರೆಯುತ್ತಿದ್ದೆವು. ಮಾತಿಗೆ ಮೊದಲು ಕನ್ನಡಕವನ್ನು ಸೆರಗಿನಿಂದ ಒರೆಸಿಕೊಳ್ಳುವುದು ಅವರ ಅಭ್ಯಾಸ.

ಅರವತ್ತರ ದಶಕದ ಆರಂಭದಲ್ಲಿ ಗಂಡನನ್ನು ಕಳೆದುಕೊಂಡು ನಾನು ತವರಿಗೆ ಮರಳಿದ್ದೆ. ದುಃಖ ಮರೆಯಲೆಂದು ಮನೆಯವರು ದಿನವಿಡೀ ಒಂದಲ್ಲ ಒಂದು ಕೆಲಸ ಹಚ್ಚುತ್ತಿದ್ದರು. ಕೊನೆಗೆ ಹೊಲಿಗೆ ತರಗತಿಗೂ ಕಳಿಸಿದರು. ಅಕ್ಕೋರು ಮಾತ್ರ ನನಗೆ ಯಾವ ಕೆಲಸವನ್ನೂ ಕೊಡಲಿಲ್ಲ. ಕಿಟಕಿಯ ಬಳಿ ಜಾಗ ತೋರಿಸಿ, "ಸುಮ್ನೆ ಕೂತ್ಕ ತಂಗಿ. ಮನಸ್ಸು ಖಾಲಿ ಇದ್ರೆ ಇರ್ಲಿ. ತುಂಬಲೆ ಗಡಿಬಿಡಿ ಎಂತಕ್ಕೆ?" ಎಂದರು. ಯಾರಾದರೂ ನನ್ನ ಕೈಗೆ ಬಟ್ಟೆ ಕೊಡಲು ಬಂದರೆ ಅವರಿಗೂ ಅದೇ ಮಾತು, "ಗಡಿಬಿಡಿ ಎಂತಕ್ಕೆ?"

ಅಲ್ಲಿ ಕೂತು ಮನಸಾರೆ ಅತ್ತುಬಿಟ್ಟೆ. ಅಳು ನಿಂತ ಮೇಲೆ ಅಕ್ಕೋರ ಕೈಗಳನ್ನು ನೋಡತೊಡಗಿದೆ. ಮಳೆಗಾಲ ಕಳೆಯುವಷ್ಟರಲ್ಲಿ ಕತ್ತರಿಯನ್ನು ನಾನೇ ಕೇಳಿ ತೆಗೆದುಕೊಂಡಿದ್ದೆ.

ಒಂದು ದಿನ ಶಿರಸಿಗೆ ಹೋಗಿದ್ದ ಅಕ್ಕೋರ ಬಸ್ಸು ತಡವಾಯಿತು. ಕಾದು ಬೇಸತ್ತ ಹುಡುಗಿಯರು ಮನೆಗೆ ಹೊರಟರು. "ನಿತ್ಕಳಿ, ತೋಳು ಕತ್ತರಿಸೋದು ಇವತ್ತು ಆನು ತೋರಿಸ್ತೆ" ಎಂದುಬಿಟ್ಟೆ. ಆ ಧ್ವನಿ ನನ್ನದೆಂದು ನನಗೇ ನಂಬಿಕೆಯಾಗಲಿಲ್ಲ.

ಅರ್ಧ ಪಾಠವಾದಾಗ ಅಕ್ಕೋರು ಬಾಗಿಲಲ್ಲಿ ಕಂಡರು. ನಾನು ಅವರ ಕುರ್ಚಿ ಬಿಟ್ಟು ಏಳಹೋದೆ. ಅವರು ಬೇಡವೆಂದು ಕೈಸನ್ನೆ ಮಾಡಿ, ಹುಡುಗಿಯರ ನಡುವೆ ಚಾಪೆಯ ಮೇಲೆ ಕೂತರು.

"ಕಂಕುಳ ಹತ್ರ ಎಷ್ಟು ಬಟ್ಟೆ ಬಿಡವು? ಎಂಗೆ ಸರಿ ಕೇಳಿದ್ದಿಲ್ಲೆ, ಇನ್ನೊಂದ್ಸಲ ಹೇಳು."

ಅವರಿಗೆ ಗೊತ್ತಿಲ್ಲದ್ದೇನಲ್ಲ ಅದು. ಆದರೂ ನಾನು ಸೀಮೆಸುಣ್ಣ ಎತ್ತಿಕೊಂಡು ಮೊದಲಿನಿಂದ ಹೇಳಿದೆ. ಮುಂದೆ ಆ ಮಂಡಳವನ್ನೇ ನಡೆಸುವ ಧೈರ್ಯ ನನಗೆ ಬಂದದ್ದು ಆ ಮಧ್ಯಾಹ್ನ, ಅವರು ನನ್ನೆದುರು ಶಿಷ್ಯೆಯಾಗಿ ಕೂತಿದ್ದರಿಂದ.