ಚಿಕ್ಕವೆಂಕಟಮ್ಮನ ಹೇಸಿಗೆ

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ರೇಷ್ಮೆಹುಳು ಸಾಕುತ್ತಿದ್ದ ಚಿಕ್ಕವೆಂಕಟಮ್ಮನಿಗೆ ಹೇಸಿಗೆ ಜಾಸ್ತಿ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿಗೆ ಕಾಲು ಅದ್ದದೆ ಗಂಡನೂ ಒಳಗೆ ಹೋಗುವಂತಿರಲಿಲ್ಲ. ಹಾಲುತೊಂಡೆ ರೋಗ ಬಂದ ಹುಳು ಊದಿಕೊಂಡು, ಒಡೆದು, ಬೆಳ್ಳಗಿನ ರಸ ಸೋರಿಸುವುದನ್ನು ಕಂಡರೆ ಅವಳಿಗೆ ಆ ದಿನ ಅನ್ನ ಸೇರುತ್ತಿರಲಿಲ್ಲ. ಆದರೆ ೧೯೯೩ರಿಂದ ಈಚೆಗೆ ಅವಳಿಗೆ ಎಲ್ಲಕ್ಕಿಂತ ಹೇಸಿಗೆ ಹುಟ್ಟಿಸುತ್ತಿದ್ದುದು ತನ್ನದೇ ಬಾಯಿ.

ಆ ವರ್ಷ ಮಗಳ ಚೊಚ್ಚಲ ಕೂಸಿಗೆ ದೃಷ್ಟಿ ತೆಗೆದವಳು ಅವಳೇ. ಮೂಗು ಸೋರುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಆದರೂ ರೂಢಿಯಂತೆ ಕೂಸಿನ ಮುಖದ ಮೇಲೆ ಮೂರು ಸಲ ಥೂ ಥೂ ಎಂದು ಉಗಿದಳು. ನಾಲ್ಕನೆಯ ದಿನ ಕೂಸಿಗೆ ಉಸಿರೆಳೆದಾಗೆಲ್ಲ ಪಕ್ಕೆ ಸೆಳೆಯತೊಡಗಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೊತ್ತೊಯ್ದರೂ ಉಳಿಯಲಿಲ್ಲ.

ಮನೆಯಲ್ಲಿ ಯಾರಿಗೆ ನೆಗಡಿಯಿತ್ತು ಎಂದು ಅಲ್ಲಿನ ಡಾಕ್ಟರಮ್ಮ ಕೇಳಿ, ಅವಳೊಬ್ಬಳಿಗೇ ಬಿಡಿಸಿ ಹೇಳಿದ್ದರು. ನೆಗಡಿ ತರುವ ವೈರಸ್ಸುಗಳು ಹಲವು, ಇದು ಯಾವುದೆಂದು ಹೇಳಲಾಗದು. ಅವುಗಳಲ್ಲಿ ಬಹಳ ಹಿಂದಿನಿಂದ ಗೊತ್ತಿರುವ ಕೊರೊನಾ ಎಂಬ ಜಾತಿಗೆ ಮೈತುಂಬ ಮುಳ್ಳು. ಸಿಂಬಳ, ಎಂಜಲಿನ ಹನಿಯಲ್ಲಿ ಬಂದು, ಉಸಿರಿನ ದಾರಿಯ ಒಳಪದರದ ಜೀವಕೋಶವನ್ನು ಆ ಮುಳ್ಳಿನಿಂದ ಕಚ್ಚಿಕೊಳ್ಳುತ್ತದೆ. ಒಳಗೆ ನುಗ್ಗಿ, ಆ ಕೋಶದ ಕೈಯಿಂದಲೇ ತನ್ನಂಥವನ್ನು ರಾಶಿಗಟ್ಟಲೆ ಮಾಡಿಸಿಕೊಳ್ಳುತ್ತದೆ. ಅವು ಹೊರಬಿದ್ದು ಪಕ್ಕದ ಕೋಶಗಳಿಗೆ ಹತ್ತುತ್ತವೆ, ಮೊದಲಿನದು ಸಾಯುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಮೂಗಿನಲ್ಲೇ ಮುಗಿಯುವುದು ಎಳೆಗೂಸಿನಲ್ಲಿ ಶ್ವಾಸಕೋಶಕ್ಕೆ ಇಳಿಯಬಹುದು. ಕೇಳುತ್ತ ಕೇಳುತ್ತ ಚಿಕ್ಕವೆಂಕಟಮ್ಮನ ಕಣ್ಣಿಗೆ ಕಂಡದ್ದು ಹಾಲು ಸೋರುವ ಹುಳು. ಹೊರಗೆ ಓಡಿ ವಾಂತಿ ಮಾಡಿಕೊಂಡಳು. ಮಗಳಿಗೆ ಮಾತ್ರ ಏನೂ ಹೇಳಲಿಲ್ಲ.

ಎರಡು ವರ್ಷದ ಮೇಲೆ ಮಗಳು ಇನ್ನೊಂದು ಹೆಣ್ಣುಕೂಸನ್ನು ಹೆತ್ತಳು. ಇಪ್ಪತ್ತನೆಯ ದಿನ ಚಿಕ್ಕವೆಂಕಟಮ್ಮನ ಗಂಡನ ಅಕ್ಕ ವೆಂಕಟರತ್ನಮ್ಮ ಚಿಂತಾಮಣಿಯಿಂದ ಬಂದರು. ಅವರೂ ಹುಳು ಸಾಕಿದವರೇ. ಹೊರಗಿನಿಂದ ಬಂದ ತನ್ನಿಂದ ಹುಳುವಿಗೆ ರೋಗ ತಗಲೀತೆಂದು ಹುಳುಮನೆಯ ಕಡೆ ಸುಳಿಯಲಿಲ್ಲ. ಆದರೆ ಸಿಂಬಳ ಸೀಟಿ, ಬೆರಳನ್ನು ಗೋಡೆಗೆ ಒರೆಸಿ, ದೃಷ್ಟಿ ತೆಗೆಯಲು ನೇರ ಬಾಣಂತಿಯ ಕೋಣೆಗೇ ಹೊರಟರು. ಚಿಕ್ಕವೆಂಕಟಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಅಲ್ಲೇ ಇರಿ ಅತ್ತಿಗೆ. ಮೂಗು ಸೋರ್ತಾ ಇದೆ ನಿಮ್ಗೆ.”

“ಹುಳ ಸಾಕಿ ಸಾಕಿ ಕೂಸ್ನೂ ತಟ್ಟೇಲೇ ಸಾಕ್ತೀಯೇನೇ? ನನ್ನ ಬಾಯೇನು ಮೋರಿನಾ?”

ವೆಂಕಟರತ್ನಮ್ಮ ಅವಳ ತೋಳು ಸರಿಸಿ ಮುಂದಾದರು. ಒಳಗೆ ಮಗಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಸುಮ್ಮನಿದ್ದರೆ ಕೂಸು ಹೋದೀತು, ಬಾಯಿಬಿಟ್ಟರೆ ಮಗಳು ದೂರವಾದಾಳು.

“ನಂದೂ ಮೋರೀನೇ ಅತ್ತಿಗೆ” ಎಂದಳು. “ಮೊದಲ್ನೇ ಕೂಸಿಗೆ ನಾನೇ ಉಗಿದಿದ್ದು, ಹಿಂಗೇ ನೆಗಡಿ ಇಟ್ಕೊಂಡು. ಅದ್ರಿಂದ್ಲೇ ಹೋಗಿರ್ಬೋದು ಅಂದ್ರು ಡಾಕ್ಟ್ರಮ್ಮ.”

ವೆಂಕಟರತ್ನಮ್ಮ ಕೈ ಹಿಂದಕ್ಕೆ ತೆಗೆದರು. ಮಗಳು ಎದ್ದು ಬಂದಳು. ತಾಯಿಯ ಮುಖವನ್ನೂ ಗೋಡೆಯ ಮೇಲಿನ ಸಿಂಬಳದ ಗೆರೆಯನ್ನೂ ನೋಡಿದಳು.

“ಇಬ್ರೂ ಹೊರಗೇ ಇರಿ” ಎಂದು ಕದ ಹಾಕಿಕೊಂಡಳು.

ಚಿಕ್ಕವೆಂಕಟಮ್ಮ ತಟ್ಟಲಿಲ್ಲ. ಬಾಣಂತನ ಮುಗಿಯುವವರೆಗೂ ಮಗಳ ಊಟವನ್ನು ಹೊಸಿಲ ಬಳಿ ಇಟ್ಟು ಬರುತ್ತಿದ್ದಳು. ಕದಕ್ಕೆ ಕಿವಿಕೊಟ್ಟು ಕೂಸಿನ ಉಸಿರು ಕೇಳುತ್ತಿದ್ದಳು. ಅದು ಸರಾಗವಾಗಿಯೇ ಇತ್ತು.